ಗಡಿ ನಕಾಶೆಯ ಕೆಂಪು ಬೊಟ್ಟು

ಅಧ್ಯಾಯ ಒಂಬತ್ತು

“ಮುಖ ನೋಡಿದ್ದಾತು ಶೆಟ್ಟರ. ಈಗ ಬೆನ್ನು ತೋರಸ್ರಿ.”

ಮೇಜಿನ ಮೇಲಿದ್ದ ಚೌಕಟ್ಟಿನ ಗಾಜು ಒರೆಸುತ್ತಿದ್ದ ಕುಶಲ ಶೆಟ್ಟಿಯವರ ಕೈ ನಿಂತಿತು.

“ಬೆನ್ನಿನಲ್ಲಿ ಎಂತ ಉಂಟು ಮಾರಾಯ್ರೆ? ನಕಾಶೆ ಇರುವುದು ಎದುರು ಬದಿಯಲ್ಲಿ.”

“ಊರು, ನದಿ, ಗುಡ್ಡ ಎದುರಿಗಿರ್ತಾವ. ಯಾರ ಮನೀದು ಅನ್ನೋದು ಬೆನ್ನಮ್ಯಾಲೆ ಇರ್ತದ. ನನಗಿಂತ ನಿಮಗ ಚಲೋ ಗೊತ್ತದ.”

ಬಸವಪ್ರಭು ಇದನ್ನು ನಗುತ್ತಲೇ ಹೇಳಿದರು. ಪೊಲೀಸ್ ಇಲಾಖೆಯಲ್ಲಿದ್ದಾಗಲೂ ಅವರು ದನಿ ಏರಿಸಿದವರಲ್ಲ. ನಿವೃತ್ತರಾದ ಮೇಲೆ ಅದರ ಅಗತ್ಯವೂ ಉಳಿದಿರಲಿಲ್ಲ. ಹಣೆಯ ವಿಭೂತಿ, ಬಿಳಿ ಅಂಗಿ, ಕಂಕುಳಲ್ಲಿ ಒಂದು ಕೊಡೆ. ಪುಣೆಯ ಕನ್ನಡಿಗರ ಮನೆಗಳಲ್ಲಿ ಏನಾದರೂ ಕಳೆದರೆ ಮೊದಲು ದೇವರಿಗೆ ಹರಕೆ ಹೊರುತ್ತಿದ್ದರು, ಆಮೇಲೆ ಬಸವಪ್ರಭುಗಳ ಹೆಸರು ನೆನೆಯುತ್ತಿದ್ದರು.

ಖಡಕಿ ಬಾಜಾರದ ಆ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಆಗತಾನೇ ಇಳಿದಿತ್ತು. ಕೆಳಗಿನಿಂದ ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು. ಮೇಲೆ, ಶೆಟ್ಟಿಯವರ ಸ್ವಂತ ಕೋಣೆಯಲ್ಲಿ, ನಾಲ್ಕು ಗೋಡೆಗಳ ತುಂಬ ಹಳೆಯ ನಕಾಶೆಗಳು. ಕಾಬೂಲಿನ ಆಚೆಯ ಅಂಚು, ತಿಬೇಟಿನ ಅಂಚು, ಬರ್ಮಾದ ಅಂಚು. ದೇಶಗಳ ನಡುಭಾಗ ಶೆಟ್ಟಿಯವರಿಗೆ ಬೇಕಿರಲಿಲ್ಲ. ಇಬ್ಬರು ರಾಜರು ಒಂದೇ ಗುಡ್ಡಕ್ಕೆ ಕೈ ಚಾಚಿದ ಜಾಗವಿದ್ದರೆ ಮಾತ್ರ ಅವರ ಕಣ್ಣು ಅರಳುತ್ತಿತ್ತು.

ಪುಣೆಯಲ್ಲಿ ಇಂಥ ಹುಚ್ಚಿದ್ದವರು ಇಬ್ಬರೇ. ಇನ್ನೊಬ್ಬರು ರವಿವಾರ ಪೇಟೆಯ ನೂಲಿನ ವ್ಯಾಪಾರಿ ಅಪ್ಪಾಸಾಹೇಬ. ನಿಪ್ಪಾಣಿಯಲ್ಲಿ ಹುಟ್ಟಿ, “ನೀವು ಯಾವ ಕಡೆಯವರು?” ಎಂಬ ಪ್ರಶ್ನೆಯನ್ನು ಜೀವಮಾನವೆಲ್ಲ ಕೇಳಿಸಿಕೊಂಡ ಮನುಷ್ಯ. ಎರಡು ತಿಂಗಳ ಹಿಂದೆ ಲಿಂಗೈಕ್ಯರಾಗಿದ್ದರು.

ಅವರ ಮಗಳು ರೇಣು ಈಗ ಬಸವಪ್ರಭುಗಳ ಪಕ್ಕದ ಕುರ್ಚಿಯಲ್ಲಿ ಸೆರಗಿನ ತುದಿ ಬಿಗಿಹಿಡಿದು ಕೂತಿದ್ದಳು. ಅಪ್ಪಾಸಾಹೇಬರು ಸಂಗ್ರಹವನ್ನೆಲ್ಲ ಒಂದು ಟ್ರಸ್ಟಿಗೆ ಬಿಟ್ಟು ಹೋಗಿದ್ದರು. ಟ್ರಸ್ಟಿನವರು ಬಂದು ಅಂಗಡಿಯ ಮಾಳಿಗೆಯ ಕಪಾಟು ತೆರೆಸಿದಾಗ ಎಲ್ಲಕ್ಕಿಂತ ಹೆಸರಾದ ನಕಾಶೆಯೇ ಇರಲಿಲ್ಲ. ಕೀಲಿ ಇದ್ದದ್ದು ರೇಣುವಿನ ಗಂಡ ಮಾಂತುವಿನ ಬಳಿ. ನಿನ್ನೆ ಸಂಜೆಯಿಂದ ಮಾಂತು ವಿಚಾರಣೆಗೆಂದು ಠಾಣೆಯಲ್ಲಿದ್ದ. ನಾಳೆ ಬೆಳಗ್ಗೆ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು.

“ಇದು ನಮ್ಮ ಅಪ್ಪಾರದೇ,” ಎಂದಳು ರೇಣು. “ನೋಡಿದ ಕೂಡ್ಲೇ ಗುರುತು ಹಿಡಿದೆ.”

“ಗುರುತು ಎಂತದಮ್ಮ? ಒಂದು ತಾಮ್ರದ ಫಲಕದಿಂದ ನೂರಾರು ಪ್ರತಿ ಹೊಡೆದಿರ್ತಾರೆ. ನಿಮ್ಮ ತಂದೆಯವರ ಹತ್ರ ಒಂದಿತ್ತು. ನನಗೆ ಒಂದು ಹೈದರಾಬಾದಿನಲ್ಲಿ ಸಿಕ್ಕಿತು. ಇದರಲ್ಲಿ ಕಳ್ಳತನ ಎಲ್ಲಿ ಬಂತು?”

ಮಾತು ಸುಳ್ಳಲ್ಲ ಎಂದು ಬಸವಪ್ರಭುಗಳಿಗೆ ಗೊತ್ತಿತ್ತು. ಕಂಪನಿ ಸರಕಾರದ ಕಾಲದ ಹಾಳೆ ಅದು. ಹಿಮದ ಬೆಟ್ಟಗಳ ಸಾಲು, ನಡುವೆ ಒಂದು ಕಣಿವೆ. ಬೆಟ್ಟ, ನದಿ, ಊರುಗಳ ಹೆಸರು ಎಲ್ಲವೂ ಅಚ್ಚಿನಲ್ಲಿದ್ದವು. ಗಡಿ ಮಾತ್ರ ಅಚ್ಚಿನಲ್ಲಿರಲಿಲ್ಲ. ಹಾಳೆ ಒಣಗಿದ ಮೇಲೆ ಯಾರೋ ಕೂತು ಕುಂಚದಿಂದ ಹಸಿರು ಗೆರೆ ಎಳೆದಿದ್ದರು. ಕೈಯಿಂದ ಎಳೆದ ಗೆರೆ ಪ್ರತಿಯಿಂದ ಪ್ರತಿಗೆ ಹರಿದಾಡುತ್ತದೆ. ಒಂದರಲ್ಲಿ ಕಣಿವೆ ಈ ರಾಜನಿಗೆ, ಇನ್ನೊಂದರಲ್ಲಿ ಆ ರಾಜನಿಗೆ. ಅಪ್ಪಾಸಾಹೇಬರ ಪ್ರತಿಯಲ್ಲಿ ಗೆರೆ ಕಣಿವೆಯ ಒಳಗೇ ಹೊಕ್ಕು, ಒಂದು ಊರನ್ನು ನಟ್ಟನಡುವೆ ಸೀಳಿ ಹೊರಗೆ ಬರುತ್ತಿತ್ತು ಎಂದು ರೇಣು ಹೇಳಿದ್ದಳು. ಈ ಪ್ರತಿಯಲ್ಲೂ ಹಾಗೆಯೇ ಇತ್ತು.

ಆದರೆ ಮಗಳ ನೆನಪನ್ನು ಕೋರ್ಟು ಒಪ್ಪುವುದಿಲ್ಲ. ಬೆಳಕು ತಾಗಿ ಬಣ್ಣ ಕೆಡುತ್ತದೆಂದು ಅಪ್ಪಾಸಾಹೇಬರು ಯಾರಿಗೂ ಫೋಟೋ ತೆಗೆಯಗೊಟ್ಟಿರಲಿಲ್ಲ.

“ಬೆನ್ನು,” ಎಂದರು ಬಸವಪ್ರಭು ಮತ್ತೊಮ್ಮೆ.

ಶೆಟ್ಟಿಯವರು ಉಸಿರು ಬಿಟ್ಟು, ಮೇಜಿನ ಖಾನೆಯಿಂದ ಸ್ಕ್ರೂ ಡ್ರೈವರ್ ತೆಗೆದರು. ಹಿಂದಿನ ಹಲಗೆ ಕಳಚಿತು. ಹಾಳೆಯನ್ನು ಎರಡೂ ಅಂಗೈಗಳ ಮೇಲೆ ಎತ್ತಿ, ಎಳೆಗೂಸನ್ನು ಮಲಗಿಸಿದಂತೆ ಬೋರಲಾಗಿ ಇಟ್ಟರು. ಈ ಮನುಷ್ಯ ಕದ್ದಿರಬಹುದು, ಆದರೆ ಕೆಡಿಸುವವನಲ್ಲ ಎಂದು ಬಸವಪ್ರಭುಗಳಿಗೆ ಅನಿಸಿತು.

ಹಾಳೆಯ ಬೆನ್ನಿನ ಮೇಲೆ ಕಂದು ಬಣ್ಣದ ಒಂದು ಗೆರೆ ಅಂಕುಡೊಂಕಾಗಿ ಓಡಿತ್ತು. ಹಳೆಯ ಹಸಿರು ಬಣ್ಣಕ್ಕೆ ತಾಮ್ರ ಸೇರಿರುತ್ತದೆ. ಅದು ಕಾಗದವನ್ನು ಮೆಲ್ಲಗೆ ಸುಡುತ್ತ ಹೋಗಿ ನೂರು ನೂರೈವತ್ತು ವರ್ಷಕ್ಕೆ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ನಿನ್ನೆ ಮೊನ್ನೆ ಮಾಡಿದ ನಕಲಿಗೆ ಈ ಸುಟ್ಟ ಗಾಯ ಬರುವುದಿಲ್ಲ.

“ಹಾಳೆ ಅಸಲಿ ಅದ,” ಎಂದರು.

“ಮತ್ತೆ? ನಕಲಿ ಇಡ್ಲಿಕ್ಕೆ ನಾನೇನು ಕ್ಯಾಲೆಂಡರ್ ಅಂಗಡಿ ಇಟ್ಟಿದ್ದೇನಾ?”

ಬಸವಪ್ರಭುಗಳ ಕಣ್ಣು ಆಗಲೇ ಕೆಳಗಿನ ಬಲಮೂಲೆಗೆ ಹೋಗಿತ್ತು. ಅಲ್ಲಿ ಹುರುಳಿಕಾಳಿನಷ್ಟು ದೊಡ್ಡ ಬೊಟ್ಟು ಒಂದಿತ್ತು. ಕೆಂಪು ಬೊಟ್ಟು.

ರೇಣು ಬಾಗಿ ನೋಡಿದಳು. ಅವಳ ಮುಖದ ಕಳೆ ಇಳಿಯಿತು.

“ನಮ್ಮದು ಹಳದೀರಿ,” ಎಂದಳು ಸಣ್ಣ ದನಿಯಲ್ಲಿ.

ಶೆಟ್ಟಿಯವರು ಗಟ್ಟಿಯಾಗಿ ನಕ್ಕರು. “ಆಯ್ತಲ್ಲ! ಅಪ್ಪಾಸಾಹೇಬರ ಬೊಟ್ಟು ಹಳದಿ ಅಂತ ಪುಣೆಯಲ್ಲಿ ಹಳೇ ಕಾಗದ ಮಾರುವ ಪ್ರತಿಯೊಬ್ಬನಿಗೂ ಗೊತ್ತುಂಟು. ನಾನೇ ಎಷ್ಟು ಸಲ ಬೈದಿದ್ದೇನೆ. ಸಾಹೇಬ್ರೆ, ಬೇರೆಯವರು ಮೊಹರು ಹೊಡೀತಾರೆ, ನೀವು ಪಲ್ಯಕ್ಕೆ ಹಾಕಿದ ಹಾಗೆ ಅರಿಶಿನ ಹಾಕ್ತೀರಿ, ಬೆಲೆ ಬಿದ್ದು ಹೋಗ್ತದೆ ಅಂತ. ಅವರು ಎಂತ ಹೇಳಿದ್ದು ಗೊತ್ತುಂಟಾ? ಬೆಲೆ ಬಿದ್ರ ಕಳ್ಳರೂ ಕಡಿಮಿ ಬರ್ತಾರ ಅಂತ!”

ನಗು ಮುಗಿಯುವಾಗ ಅವರ ದನಿ ಸ್ವಲ್ಪ ಒಡೆದಿತ್ತು. ಕೆಮ್ಮಿ ಸರಿಮಾಡಿಕೊಂಡರು.

ಅಪ್ಪಾಸಾಹೇಬರ ಮನೆಯ ಪದ್ಧತಿ ಅದು. ದಸರೆಯ ಖಂಡೇನವಮಿಯ ದಿನ ಬೇರೆ ವ್ಯಾಪಾರಿಗಳು ತಕ್ಕಡಿ, ಗಜಕಡ್ಡಿ ಪೂಜೆಗಿಟ್ಟರೆ ಇವರು ಜಮಖಾನೆ ಹಾಸಿ ನಕಾಶೆಗಳನ್ನೂ ಇಡುತ್ತಿದ್ದರು. ಹೆಂಡತಿ ಕಾಶವ್ವ ಒಂದೊಂದರ ಬೆನ್ನಿಗೂ ಬೆರಳ ತುದಿಯಿಂದ ನೆನೆಸಿದ ಅರಿಶಿನ ಹಚ್ಚುತ್ತಿದ್ದರು. ಮೊದಲ ವರ್ಷ ಕುಂಕುಮ ಹಚ್ಚಿದಾಗ ಪುಡಿ ಉದುರಿ ಕೆಳಗಿನ ಹಾಳೆಯ ನದಿಯೊಂದು ಕೆಂಪಾಗಿತ್ತಂತೆ. ಅಂದಿನಿಂದ ಆ ಮನೆಯಲ್ಲಿ ನಕಾಶೆಗೆ ಕುಂಕುಮವಿಲ್ಲ.

“ಶೆಟ್ಟರ, ನಿಮ್ಮ ಅಡಿಗೀ ಮನ್ಯಾಗ ಅರಿಶಿಣ ಇರಬೇಕಲ್ಲ?”

“ಹೋಟೆಲ್ ಅಲ್ವಾ ಮಾರಾಯ್ರೆ? ಗೋಣಿ ಉಂಟು.”

“ಚಿಟಿಕಿ ಸಾಕು. ಒಂದು ಬಟ್ಟಲಾ ನೀರು. ಮತ್ತ ನಿಮ್ಮ ಬಾಗಲದಾಗ ಪಾನಪಟ್ಟಿ ಅಂಗಡಿ ಅದಲ್ಲ, ಅಲ್ಲಿಂದ ಒಂದೀಟು ಸುಣ್ಣ ತರಸ್ರಿ.”

ಸುಣ್ಣ ಎಂಬ ಮಾತು ಕೇಳಿದಾಗ ಶೆಟ್ಟಿಯವರ ಹುಬ್ಬು ಗಂಟಾಯಿತು. ಆದರೂ ಮೆಟ್ಟಿಲ ಬಳಿ ಹೋಗಿ, “ಅರೇ, ಥೋಡೀ ಹಳದ ಆಣಿ ಚುನಾ ಘೇವೂನ ಯೇ!” ಎಂದು ಕೂಗಿದರು.

ಎರಡೂ ಬಂದವು. ಬಸವಪ್ರಭು ಬಿಲ್ಲಿನ ಒಂದು ಖಾಲಿ ಚೀಟಿ ತೆಗೆದುಕೊಂಡು ಅದರ ಮೇಲೆ ಅರಿಶಿನದ ಬೊಟ್ಟಿಟ್ಟರು. ಬೀಸಣಿಗೆಯ ಗಾಳಿಗೆ ಅದು ಒಣಗುವ ತನಕ ಕಾದರು. ಆಮೇಲೆ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯಲ್ಲಿ ಬೆರಳದ್ದಿ, ಚೀಟಿಯ ಮೇಲೆ ಸವರಿದರು.

ಹಳದಿ ಬೊಟ್ಟು ಅವರ ಕಣ್ಣೆದುರೇ ಕೆಂಪಾಯಿತು.

“ನಮ್ಮ ಮನ್ಯಾಗ ಕುಂಕುಮ ಹಿಂಗs ಮಾಡ್ತಿದ್ರು,” ಎಂದರು ಬಸವಪ್ರಭು. “ಅರಿಶಿಣಕ್ಕ ಸುಣ್ಣ ಕೂಡಸಿ, ನೆರಳಾಗ ಒಣಗಸಿ. ಶ್ರಾವಣದಾಗ ಓಣಿಗೆಲ್ಲ ಹಂಚ್ತಿದ್ಲು ಪ್ರೇಮಾವತಿ.”

ಹೆಂಡತಿಯ ಹೆಸರನ್ನು ಅವರು ಬಹಳ ದಿನದಿಂದ ಬಾಯಿಬಿಟ್ಟು ಹೇಳಿರಲಿಲ್ಲ. ಹೋದ ವರ್ಷದ ಶ್ರಾವಣದಲ್ಲಿ ಹಂಚಲು ಆಕೆ ಇರಲಿಲ್ಲ. ಡಬ್ಬಿಯಲ್ಲಿ ಉಳಿದ ಕುಂಕುಮವನ್ನು ಅವರು ಇನ್ನೂ ಹಾಗೆಯೇ ಇಟ್ಟುಕೊಂಡಿದ್ದರು. ಒಂದು ಗಳಿಗೆ ಚೀಟಿಯನ್ನೇ ನೋಡುತ್ತಿದ್ದು, ಅದನ್ನು ನಕಾಶೆಯ ಬೊಟ್ಟಿನ ಪಕ್ಕಕ್ಕೆ ಸರಿಸಿದರು.

ಎರಡೂ ಒಂದೇ ಕೆಂಪು.

“ಹಳೇ ಹಾಳಿ ಕೈಗೆ ಬಂದ್ರ ನಿಮ್ಮಂಥಾವ್ರು ಮೊದಲ ಏನು ಮಾಡ್ತೀರಿ? ಕಾಗದಕ್ಕ ಆಮ್ಲದ ಹುಳಿ ಹತ್ತಿ ಪುಡಿ ಆಗಬಾರದು ಅಂತ ಬೆನ್ನಿಗೆ ಸುಣ್ಣದ ತಿಳಿ ಸವರಸ್ತೀರಿ. ನಾರಾಯಣ ಪೇಟೆಯ ಅವಧೂತ ಅನ್ನಾಂವ ಈ ಕೆಲಸಾ ಮಾಡ್ತಾನ. ಮುಂಜಾನೆ ಇಬ್ಬರೂ ಅವನ ಕಡೆ ಹೋಗಿದ್ವಿ. ನೀವು ಒಂದು ಗಡಿ ನಕಾಶಿ ಕೊಟ್ಟು ಮಾಡಿಸಿಕೊಂಡು ಹೋಗೀರಿ ಅಂದ. ಅವನ ಕೈಗೆ ಹೋಗೂಮುಂದ ಬೊಟ್ಟು ಹಳದಿ ಇತ್ತು. ತಿರುಗಿ ಬರೂಮುಂದ ಕೆಂಪಾತು. ನೀವು ಅದನ್ನ ನೋಡಿ, ಇನ್ನ ಇದು ಅಪ್ಪಾಸಾಹೇಬರದು ಅಂತ ಯಾರೂ ಅನ್ನಂಗಿಲ್ಲ ಅಂತ ಸಮಾಧಾನ ಮಾಡಿಕೊಂಡ್ರಿ.”

ಶೆಟ್ಟಿಯವರು ಕುರ್ಚಿಯಲ್ಲಿ ಕೂತರು. ಸೊಂಟದ ಪೇಜರ್ ಎರಡು ಸಲ ಕೂಗಿತು. ಅವರು ಅದನ್ನು ನೋಡಲಿಲ್ಲ.

“ನಾನು ಕದ್ದದ್ದಲ್ಲ,” ಎಂದರು.

“ಹಂಗಾರ ಯಾರು ಕೊಟ್ರು?”

“ಹೇಳ್ಲಿಕ್ಕೆ ಆಗುವುದಿಲ್ಲ.”

“ಯಾಕ?”

“ಆಣೆ ಹಾಕಿದ್ದೇನೆ. ಮಂಜುನಾಥನ ಆಣೆ. ಠಾಣೆಗೆ ಕರ್ಕೊಂಡು ಹೋಗಿ, ಬಡಿಸಿ, ಆದರೂ ಹೇಳುವುದಿಲ್ಲ.”

ರೇಣು ಎದ್ದು ನಿಂತಳು. ಇಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು.

“ಬಡಿಸಿಕೊಳ್ಳಾಕತ್ತಾಂವ ನನ್ನ ಗಂಡರಿ! ನೀವು ಇಲ್ಲಿ ಬೀಸಣಿಗೀ ಕೆಳಗ ಕೂತು ಆಣೀ ಮಾತಾಡ್ತೀರಿ. ಅಂವ ಅಲ್ಲಿ ನಿನ್ನೀಯಿಂದ ನೆಲದ ಮ್ಯಾಲೆ ಕೂತಾನ. ಅಪ್ಪ ನಂಬಿದ ಅಳಿಯನs ಕಳ್ಳ ಅಂತ ಪೇಟಿ ತುಂಬ ಮಾತಾಗೇತಿ. ನಾಳೆ ಕೋರ್ಟಿನ್ಯಾಗ ನಿಲ್ಲಸ್ತಾರ. ನಿಮ್ಮ ದೇವರು ಇದಕ್ಕ ಒಪ್ತಾನೇನ್ರಿ?”

ಶೆಟ್ಟಿಯವರ ಬಾಯಿ ಅರೆತೆರೆದು ನಿಂತಿತು.

“ಯಾರು? ಮಾಂತುವಾ? ಅವನನ್ನು ಎಂತಕ್ಕೆ ಹಿಡಿದದ್ದು?”

“ನಿಮಗ ಗೊತ್ತಿಲ್ಲೇನು?” ಎಂದರು ಬಸವಪ್ರಭು.

“ದೇವರಾಣೆ ಇಲ್ಲ. ನಕಾಶೆ ಇಲ್ಲ ಅಂತ ಟ್ರಸ್ಟಿನವರು ಗಲಾಟೆ ಮಾಡಿದ್ದು ಕೇಳಿದ್ದೆ. ಹುಡುಗನನ್ನು ಒಳಗೆ ಹಾಕಿದ್ದು ಗೊತ್ತಿಲ್ಲ ಮಾರಾಯ್ರೆ.” ಅವರು ಎದ್ದು ಕಿಟಕಿಯವರೆಗೆ ಹೋದರು, ಮತ್ತೆ ಬಂದರು. ಗೋಡೆಯ ದೇವರ ಪಟಕ್ಕೆ ಕೈಮುಗಿದು, “ತಪ್ಪಾಯ್ತು ಸ್ವಾಮಿ,” ಎಂದರು. ಆಮೇಲೆ ರೇಣುವಿನ ಕಡೆ ತಿರುಗಿದರು.

“ಅಪ್ಪಾಸಾಹೇಬರು ತೀರಿಕೊಂಡ ವಾರವೇ ಬಂದರು. ಆಟೋದಲ್ಲಿ, ಒಬ್ಬರೇ. ನೀವು ಕೂತ ಆ ಕುರ್ಚಿಯಲ್ಲೇ ಕೂತರು ಅಮ್ಮ. ಚಹಾ ಸಹ ಮುಟ್ಟಲಿಲ್ಲ. ನಿಮ್ಮ ತಾಯಿ. ಕಾಶವ್ವನವರು.”

ರೇಣು ಹಿಂದಿದ್ದ ಕುರ್ಚಿಗೆ ಕೈ ತಾಗಿಸಿ, ಕೂರದೆ, ಹಾಗೆಯೇ ನಿಂತಳು.

“ಏನಂದ್ರು?” ಬಸವಪ್ರಭು ಕೇಳಿದರು.

“ಇದು ಇನ್ನು ಕಪಾಟಿನಲ್ಲಿ ಇರಬಾರದು ಅಂತ ಯಜಮಾನರು ಹೋಗುವ ಮೊದಲು ಹೇಳಿದ್ದರಂತೆ. ಕೇಳಿಕೊಂಡು ಒಬ್ಬ ಬರ್ತಾನೆ, ಯಾರಿಗೂ ಇಲ್ಲ ಅನ್ನಿ ಅಂದರು. ಯಾರು ಬರುವುದು ಅಂತ ಕೇಳಿದೆ. ಹೇಳಲಿಲ್ಲ. ನನ್ನ ಹತ್ರ ಎಂತಕ್ಕೆ ತಂದಿರಿ, ನಾನು ಅವರ ಜೊತೆ ಜೀವಮಾನ ಜಗಳಾಡಿದವ ಅಂದೆ. ಅದಕ್ಕೆ ಆ ತಾಯಿ, ಇದರ ಮ್ಯಾಲೆ ನಿಮ್ಮಷ್ಟು ಆಸೆ ಯಾರಿಗೂ ಇಲ್ಲ ಶೆಟ್ಟರ, ನೀವು ಮಾರಂಗಿಲ್ಲ, ಕೆಡಸಂಗಿಲ್ಲ ಅಂದರು.” ಶೆಟ್ಟಿಯವರು ನಕಾಶೆಯ ಕಡೆ ನೋಡಿದರು. “ಕೆಡಿಸಬಾರದು ಅಂತಲೇ ಸುಣ್ಣದ ನೀರು ಹಚ್ಚಿಸಿದ್ದು.”

ಬಸವಪ್ರಭು ರೇಣುವಿನ ಕಡೆ ತಿರುಗಿದರು. ಅವರ ದನಿಯಲ್ಲಿ ಈಗ ಒಂದು ಗಟ್ಟಿತನವಿತ್ತು.

“ತಂಗೀ, ಕೀಲಿ ಮಾಂತೂನ ಕೈಗೆ ಯಾವಾಗ ಬಂತು?”

“ಅಪ್ಪಾರ ಹನ್ನೊಂದನೇ ದಿನದ ಗಣಾರಾಧನೆ ಆದ ಮ್ಯಾಲೆ. ಅಲ್ಲೀತನಕ ಅವ್ವನ ಹತ್ರನೇ ಇತ್ತು. ಅವ್ವನೇ ಅವಗ ಕರದು ಕೊಟ್ಲು.”

“ಅಂದ್ರ ಕೀಲಿ ಬರೋಕ್ಕಿಂತ ಮೊದಲs ನಕಾಶಿ ಇಲ್ಲಿಗೆ ಬಂದಿತ್ತು. ಮಾಂತು ಖಾಲಿ ಜಾಗಾಕ್ಕ ಕಾವಲಿದ್ದ. ಇಷ್ಟs ಸಾಕು. ನಿನ್ನ ಗಂಡ ಇವತ್ತು ಊಟಕ್ಕ ಮನಿಗೆ ಬರ್ತಾನ.”

“ನಾನು ಬಂದು ಹೇಳ್ತೇನೆ,” ಎಂದರು ಶೆಟ್ಟಿಯವರು ತಕ್ಷಣ.

“ನಿಮ್ಮ ಮಾತು ಯಾರು ನಂಬ್ತಾರ್ರಿ? ಮಾಲು ನಿಮ್ಮ ಮೇಜಿನ ಮ್ಯಾಲೆ ಅದ. ತನ್ನ ತಲಿ ಉಳಿಸಿಕೊಳ್ಳಾಕ ಮುದುಕಿ ಹೆಸರು ಹೇಳ್ತಾನ ಅಂತಾರ ಫೌಜದಾರರು. ಕಾಶವ್ವನವರs ಹೇಳಬೇಕು. ಅವರು ಹೇಳಿದ್ರ ಯಾರೂ ಕಳ್ಳರಲ್ಲ. ಅವರ ಗಂಡನ ವಸ್ತು, ಅವರ ಗಂಡನ ಮಾತಿನ ಮ್ಯಾಲೆ ಒಯ್ದಿಟ್ರು. ಟ್ರಸ್ಟಿನವರು ತಗಾದೆ ಮಾಡೋದಿದ್ರ ಬ್ಯಾರೆ ಕೋರ್ಟಿನ್ಯಾಗ ಮಾಡಲಿ.” ಅವರು ಕೊಡೆ ಎತ್ತಿಕೊಂಡರು. “ನಡಿ. ನಿಮ್ಮ ಅವ್ವ ಅಳಿಯನ್ನ ಹಿಡಿದಾರ ಅಂತ ಗೊತ್ತಾದ ಮ್ಯಾಲೂ ಯಾಕ ಸುಮ್ಮನಿದ್ಲು, ಅದಷ್ಟs ನನಗ ತಿಳೀವಲ್ದು.”

ರೇಣು ತಲೆ ತಗ್ಗಿಸಿದಳು.

“ಅವ್ವಗ ಗೊತ್ತೇ ಇಲ್ಲರೀ.”

“ಏನು?”

“ಮಾಂತು ಕುರಕುಂಭದ ಫ್ಯಾಕ್ಟರಿ ಕೆಲಸಕ್ಕ ಹೋಗ್ಯಾನ, ಅಲ್ಲೇ ವಸ್ತಿ ಇರ್ತಾನ ಅಂತ ಹೇಳೀನಿ. ಟ್ರಸ್ಟಿನವರು ಬಂದದ್ದೂ ಹೇಳಿಲ್ಲ. ಅಪ್ಪ ಹೋದಾಗಿಂದ ಒಂದು ತುತ್ತು ಸರಿಯಾಗಿ ಉಣ್ಣೂದಿಲ್ಲ ಆಕಿ. ಈ ಸುದ್ದಿ ಕೇಳಿದ್ರ ಎದಿ ಒಡಕೋತಾಳ ಅಂತ ಓಣಿಯವರಿಗೆಲ್ಲ ಬಾಯಿಗೆ ಬೀಗಾ ಹಾಕಿಸೀನಿ. ನಿಮ್ಮನ್ನ ಮನಿಗೆ ಕರೀಲಾರದs ದೇವಸ್ಥಾನದಾಗ ಭೆಟ್ಟಿ ಆಗಿದ್ದೂ ಅದಕ್ಕs. ನಿಮ್ಮ ಮುಖಾ ನೋಡಿಲ್ಲಂದ್ರೂ ಹೆಸರು ಆಕಿಗೆ ಗೊತ್ತೈತಿ.”

ಬಸವಪ್ರಭುಗಳಿಗೆ ಸಿಟ್ಟು ಬರಲಿಲ್ಲ. ಸಾವಾದ ಮನೆಯಲ್ಲಿ ಉಳಿದವರನ್ನು ಹೀಗೆಯೇ ಕಾಯುತ್ತಾರೆ. ಸುತ್ತ ಗೋಡೆ ಕಟ್ಟಿ, ಒಳಗೆ ಕೂಡಿಸಿ, ಒಳ್ಳೆಯ ಸುದ್ದಿ ಮಾತ್ರ ಒಳಬಿಡುತ್ತಾರೆ. ಪ್ರೇಮಾವತಿ ಹೋದಾಗ ಬಸವಪ್ರಭುಗಳ ಮಕ್ಕಳೂ ಅವರನ್ನು ಹಾಗೆಯೇ ಕಾಯ್ದಿದ್ದರು. ಆದರೆ ನಿನ್ನೆ ಸಂಜೆಯೇ ಮಗಳು ತಾಯಿಗೆ ಒಂದು ಮಾತು ಹೇಳಿದ್ದರೆ, ನಿನ್ನೆ ಸಂಜೆಯೇ ಎಲ್ಲವೂ ಮುಗಿಯುತ್ತಿತ್ತು.

ಅದನ್ನು ಅವಳಿಗೆ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಅವಳಿಗೂ ಅದು ಹೊಳೆದಿತ್ತು.

“ನಾನೇ ಹಿಡಿದು ಕೂಡಿಸಿದಂಗಾತಲ್ಲರೀ ಅವನ್ನ,” ಎಂದಳು.

“ಈಗ ನೀನೇ ಬಿಡಿಸ್ತಿ. ಫೋನ್ ಹಚ್ಚು. ನಿಮ್ಮ ಅವ್ವಗ ಎಲ್ಲಾ ಹೇಳು, ಏನೂ ಮುಚ್ಚಬ್ಯಾಡ. ಸೀರಿ ಉಟ್ಟು ತಯಾರಿರಲಿ. ನಾವು ಹೋಗಿ ಕರಕೊಂಡು ಠಾಣೇಕ್ಕ ಹೋಗೂಣು.”

ಶೆಟ್ಟಿಯವರು ಮೇಜಿನ ಫೋನನ್ನು ಅವಳ ಕಡೆ ತಿರುಗಿಸಿದರು. ಆಮೇಲೆ ನಕಾಶೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಲು ಶುರುಮಾಡಿದರು. ಯಾರೂ ಕೇಳದಿದ್ದರೂ, ತಾವಾಗಿಯೇ. ಸುತ್ತುವ ಮೊದಲು ಗಡಿಯ ಹಸಿರು ಗೆರೆಯನ್ನು ಮುಟ್ಟದೆ, ಅದರ ಮೇಲೆ ಗಾಳಿಯಲ್ಲಿ ಒಮ್ಮೆ ಬೆರಳು ಹರಿಸಿದರು.

ಅತ್ತ ಗಂಟೆ ಬಹಳ ಹೊತ್ತು ಬಾರಿಸಿತು. ಕೊನೆಗೆ ಯಾರೋ ಎತ್ತಿದರು.

“ಯಾರು, ಗಂಗೂಬಾಯೇನು? ಅವ್ವನ ಕೈಯಾಗ ಕೊಡ್ರಿ,” ಎಂದಳು ರೇಣು. ಕಾಶವ್ವನ ಜೊತೆಗಿರಲೆಂದು ಅವಳೇ ಬಿಟ್ಟು ಬಂದಿದ್ದ ಪಕ್ಕದ ಮನೆಯ ಹೆಂಗಸು.

ಆಚೆಯ ಮಾತು ಉದ್ದವಾಗಿತ್ತು. ಕೇಳುತ್ತ ಕೇಳುತ್ತ ರೇಣುವಿನ ಹಣೆಯ ನೆರಿಗೆ ಬಿಚ್ಚಿ, ಮತ್ತೆ ಕಟ್ಟಿತು. “ಯಾವಾಗ?” ಎಂದಳು. “ಯಾರ ಸಂಗಾಟ?” ಎಂದಳು. ಆಮೇಲೆ ರಿಸೀವರನ್ನು ಎದೆಗೆ ಒತ್ತಿಕೊಂಡಳು.

“ಅವ್ವ ಮನ್ಯಾಗಿಲ್ಲ. ಅರ್ಧಾ ತಾಸು ಆತಂತ. ಮನೀ ಮುಂದ ಕಾರು ಬಂತಂತ. ನಿಮ್ಮ ಅಳಿಯ ಠಾಣೇದಾಗ ಅದಾನ, ನೀವು ಬಂದು ಒಂದು ಮಾತು ಹೇಳಿದ್ರ ಬಿಡ್ತಾರ ಅಂದ್ರಂತ. ಅವ್ವ ಉಣ್ಣೂ ತಾಟು ಬಿಟ್ಟು ಎದ್ದು ಹೋದ್ಲಂತ.”

“ಠಾಣೇದವರೇನು?”

“ಅಲ್ಲಂತ.”

“ಮತ್ತ ಯಾರು ಬಂದಿದ್ರು?”

ರೇಣು ಅವರ ಮುಖವನ್ನೇ ನೋಡಿದಳು. ಬೆಳಗಿನಿಂದ ತನ್ನ ಪಕ್ಕದಿಂದ ಒಂದು ಗಳಿಗೆಯೂ ಕದಲದ ಆ ಹಿರಿಯರ ಮುಖವನ್ನು, ಮೊದಲ ಸಲ ನೋಡುವಂತೆ.

“ಬಸವಪ್ರಭು ಅವರು ಬಂದಿದ್ರಂತ. ಬಾಗಲದಾಗ ನಿಂತು, ಹೆಸರು ಹೇಳಿ, ಅವ್ವಗ ಶರಣು ಮಾಡಿದ್ರಂತ.”